ಸಿಮ್‌ನಲ್ಲಿಟ್ಟ ಜೀನ್

ಲ್ಯಾಬ್ ಸೇರಿದ ಮೊದಲ ಎರಡು ತಿಂಗಳು ನಾನು ಮೈಕ್ರೋಆರ್‌ಎನ್‌ಎ, ಅಂದರೆ ಜೀನ್‌ಗಳನ್ನು ಅದುಮುವ ತೀರಾ ಚಿಕ್ಕ ಆರ್‌ಎನ್‌ಎ, ಹುಡುಕುತ್ತಾ, ಅದನ್ನೇ ದಿನಾ ವೇಸ್ಟ್ ಬಾಟಲಿಗೆ ಸುರಿಯುತ್ತಿದ್ದೆ. ಅದು ಗೊತ್ತಾದ ದಿನ ಕ್ಯಾಂಟೀನಿಗೆ ಹೋಗಿ, ಒಬ್ಬಳೇ ಕೂತು ಎರಡು ಕಾಫಿ ಕುಡಿದೆ.

ಆಗಿದ್ದು ಇಷ್ಟು. ಜೀವಕೋಶಗಳಿಂದ ಆರ್‌ಎನ್‌ಎ ತೆಗೆಯಲು ಒಂದು ಕಿಟ್ ಬರುತ್ತದೆ. ಪುಟ್ಟ ಪ್ಲಾಸ್ಟಿಕ್ ಕಾಲಂ, ತಳದಲ್ಲೊಂದು ಬಿಳಿ ಬಿಲ್ಲೆ. ಸೆಲ್‌ಗಳನ್ನು ಒಡೆದ ದ್ರಾವಣ ಅದರೊಳಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಆರ್‌ಎನ್‌ಎ ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಕೆಳಗಿನ ಟ್ಯೂಬಿಗೆ ಇಳಿಯುತ್ತದೆ. ಇಳಿದದ್ದನ್ನು ಚೆಲ್ಲಿ ಅಂತ ಕಿಟ್‌ನ ಹಾಳೆಯಲ್ಲೇ ಬರೆದಿದೆ. ನಾನು ಚೆಲ್ಲಿದೆ. ಅದೇ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: 200 ಅಕ್ಷರಕ್ಕಿಂತ ಚಿಕ್ಕ ಆರ್‌ಎನ್‌ಎ ಈ ಬಿಲ್ಲೆಗೆ ಅಂಟುವುದಿಲ್ಲ. (ಆರ್‌ಎನ್‌ಎ ಸರಪಳಿಯ ಕೊಂಡಿಗಳಾದ ಎ, ಯು, ಜಿ, ಸಿಗಳನ್ನೇ ಅಕ್ಷರ ಅಂತೀವಿ.) ನಾನು ಹುಡುಕುತ್ತಿದ್ದ ಲೆಟ್-7 ಅನ್ನೋ ಮೈಕ್ರೋಆರ್‌ಎನ್‌ಎಯ ಉದ್ದ ಬರೀ 22 ಅಕ್ಷರ.

ತಮಾಷೆ ಅಂದರೆ ಎಲ್ಲಾ ಅಳತೆಯೂ ಸರಿಯಾಗೇ ಬರುತ್ತಿತ್ತು. ಶುದ್ಧತೆ ನೋಡುವ ನ್ಯಾನೋಡ್ರಾಪ್ ಮಷಿನ್‌ನಲ್ಲಿ 260/280 ಅನುಪಾತ 2ರ ಹತ್ತಿರ. ಜೆಲ್‌ನಲ್ಲಿ ಎರಡು ಗೆರೆ ಥಳಥಳ. ಆರ್‌ಎನ್‌ಎ ಅಂದರೆ ಹೀಗಿರಬೇಕು ಅನ್ನುವ ಹಾಗೆ. ಆಮೇಲೆ ಕ್ಯೂಪಿಸಿಆರ್: ಸೈಕಲ್‌ಗೊಮ್ಮೆ ನಕಲನ್ನು ದುಪ್ಪಟ್ಟು ಮಾಡುತ್ತಾ ಅಳೆಯುವುದು, ಮೊದಲು ಹೆಚ್ಚಿದ್ದಷ್ಟೂ ಬೇಗ ಏಳುತ್ತದೆ. ಆದರೆ ಅದರಲ್ಲಿ ಲೆಟ್-7 ಮಾತ್ರ 36ನೇ ಸೈಕಲ್‌ವರೆಗೂ ಎದ್ದೇಳುತ್ತಿರಲಿಲ್ಲ. ಬರೀ ನೀರು ಹಾಕಿದ ಟ್ಯೂಬೂ ಅಲ್ಲಿಗೇ ಬರುತ್ತಿತ್ತು.

ಪಕ್ಕದ ಬೆಂಚಿನ ಸೀನಿಯರ್ ಅಕ್ಕ ಒಂದು ಸಂಜೆ ಬಂದು ನನ್ನ ಟ್ಯೂಬ್ ಸ್ಟ್ಯಾಂಡ್ ನೋಡಿದರು.

"ಕೆಳಗೆ ಇಳಿದಿದ್ದು ಎಲ್ಲಿ ಕಣೇ?"

"ಚೆಲ್ಲಿದೆ ಅಕ್ಕ."

"ಡಿಕಾಕ್ಷನ್ ಚೆಲ್ಲಿ ಚರಟ ಇಟ್ಕೊಂಡಿದೀಯಲ್ಲೇ!"

ಅಷ್ಟೇ ಹೇಳಿ ಹೋದರು. ನನಗೆ ಅರ್ಥವಾಗೋಕೆ ಅರ್ಧ ನಿಮಿಷ ಹಿಡಿಯಿತು.

ಮಾರನೇ ದಿನದಿಂದ ಕಾಲಂ ಬಿಟ್ಟೆ. ಹಳೇ ಪದ್ಧತಿ ಹಿಡಿದೆ: ಟ್ರೈಜಾಲ್, ಕ್ಲೋರೋಫಾರ್ಮ್, ಐಸೋಪ್ರೊಪನಾಲ್. ಒಂದಿಷ್ಟು ಗ್ಲೈಕೋಜನ್ ಸೇರಿಸಿ ರಾತ್ರಿಯಿಡೀ ಮೈನಸ್ 20ರಲ್ಲಿ ಬಿಡುವುದು. ಬೆಳಿಗ್ಗೆ ತಿರುಗಿಸಿದರೆ ಟ್ಯೂಬಿನ ಗೋಡೆಗೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆ. ಕಾಲಂ ಬಿಡೋಕೆ ಮನಸ್ಸಿಲ್ಲದವರು ಎಥನಾಲ್ ಜಾಸ್ತಿ ಹಾಕಬಹುದು, ಆಗ ಚಿಕ್ಕವೂ ಅಂಟುತ್ತವೆ. ಅದಕ್ಕೆಂದೇ ಬೇರೆ ಕಿಟ್‌ಗಳೂ ಸಿಗುತ್ತವೆ. ನನಗೆ ಆ ಚುಕ್ಕೆ ಕಣ್ಣಿಗೆ ಕಾಣುವುದೇ ಸಮಾಧಾನ.

ಅಳೆಯುವುದರಲ್ಲೂ ಒಂದು ತಿರುವಿದೆ. ಪಿಸಿಆರ್‌ನಲ್ಲಿ ನಕಲು ಶುರುವಾಗೋಕೆ ಬೇಕಾದ ಪುಟ್ಟ ಡಿಎನ್‌ಎ ತುಂಡು, ಪ್ರೈಮರ್, ಒಂದೊಂದೇ ಸುಮಾರು 20 ಅಕ್ಷರ ಉದ್ದ. 22 ಅಕ್ಷರದ ಅಣುವಿನ ಮೇಲೆ ಎರಡು ಪ್ರೈಮರ್ ಕೂರಿಸುವುದು ಅಂದರೆ ಒಂದೇ ಆಟೋಗೆ ಎರಡು ಕುಟುಂಬ ಹತ್ತಿಸಿದ ಹಾಗೆ. ಅದಕ್ಕೆ ಸ್ಟೆಮ್-ಲೂಪ್ ಪ್ರೈಮರ್ ಬಳಸುತ್ತಾರೆ. ಅದು ಮಡಚಿಕೊಂಡು ಕೂತಿರುತ್ತದೆ. ಮೈಕ್ರೋಆರ್‌ಎನ್‌ಎಯ ಕೊನೆಯ ಆರು ಅಕ್ಷರವನ್ನಷ್ಟೇ ಹಿಡಿದು, ತನ್ನ ಉದ್ದವನ್ನು ಅದಕ್ಕೆ ಜೋಡಿಸುತ್ತದೆ. ಆಮೇಲೆ ಮಾಮೂಲಿ ಪಿಸಿಆರ್ ನಡೆಯುತ್ತದೆ. ಹೊಸ ಆರ್‌ಎನ್‌ಎ, ಈ ಪ್ರೈಮರ್, ಎರಡೂ ಸೇರಿದ ದಿನ ಹೀಲಾ ಅನ್ನೋ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಸೆಲ್‌ಗಳ ಲೆಟ್-7 20ನೇ ಸೈಕಲ್ ಆಸುಪಾಸಿನಲ್ಲೇ ಎದ್ದಿತು. ಇಷ್ಟೊಂದು ಇತ್ತಾ ಅನ್ನಿಸಿತು. ಎರಡು ತಿಂಗಳು ಎಷ್ಟು ಚೆಲ್ಲಿರಬಹುದು!

ಇದು 2023ರ ಮಾತು. ತಿಪಟೂರಿನಿಂದ ಬೆಂಗಳೂರಿಗೆ ಬಂದು, ಯಲಹಂಕ ಕಡೆಯ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದೆ. ಸರ್ ಕೊಟ್ಟ ಕೆಲಸ ಹೊಸದೇನೂ ಅಲ್ಲ. "ಲೆಟ್-7 ಒಂದು ಜೀನನ್ನು ಹೇಗೆ ಅದುಮುತ್ತದೆ ಅಂತ ನಿನ್ನ ಕೈಯಾರೆ ಮಾಡಿ ತೋರಿಸು. ಎಲ್ಲರಿಗೂ ಗೊತ್ತಿರೋದೇ. ನಿನ್ನ ಕೈಗೆ ಗೊತ್ತಾಗಲಿ, ಆಮೇಲೆ ಹೊಸದು ಕೊಡ್ತೀನಿ" ಅಂದರು. ಆಗ ಸ್ವಲ್ಪ ಬೇಜಾರಾಗಿತ್ತು. ಈಗ ನಾನೇ ಹೊಸಬರಿಗೆ ಅದನ್ನೇ ಹೇಳುತ್ತೇನೆ.

ಶುರು ಮಾಡುವ ಮುಂಚೆ ಸರ್ ವೈಟ್‌ಬೋರ್ಡ್ ಮುಂದೆ ನಿಲ್ಲಿಸಿ ಪೂರ್ತಿ ದಾರಿ ಬರೆಸಿದ್ದರು. ಡಿಎನ್‌ಎಯಲ್ಲಿರೋ ಜೀನಿನ ನಕಲು ಎಂಆರ್‌ಎನ್‌ಎ, ಅದನ್ನು ಓದಿ ರೈಬೋಸೋಮ್ ಪ್ರೋಟೀನ್ ಕಟ್ಟುತ್ತದೆ. ಕಾಲೇಜಿನಲ್ಲಿ ಅಲ್ಲಿಗೆ ಮುಗಿಸಿದ್ದರು. ಮೈಕ್ರೋಆರ್‌ಎನ್‌ಎಗೂ ಜೀನ್ ಇದೆ, ಅದರಿಂದಲೂ ಉದ್ದನೆಯ ನಕಲು ಬರುತ್ತದೆ. ಆದರೆ ಅದರಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಆ ನಕಲು ತನ್ನ ಮೇಲೇ ಮಡಚಿಕೊಂಡು ತಲೆಗೆ ಸಿಕ್ಕಿಸುವ ಹೇರ್‌ಪಿನ್ ಥರ ಆಗುತ್ತದೆ. ಕೋಶಕೇಂದ್ರದೊಳಗೇ ಡ್ರೋಶಾ ಅನ್ನೋ ಕಿಣ್ವ, ತನ್ನ ಜೊತೆಗಾರ ಡಿಜಿಸಿಆರ್8 ಸಹಾಯದಿಂದ, ಹೇರ್‌ಪಿನ್ನನ್ನಷ್ಟೇ ಕತ್ತರಿಸಿ ತೆಗೆಯುತ್ತದೆ. ಎಕ್ಸ್‌ಪೋರ್ಟಿನ್-5 ಅದನ್ನು ಹೊರಗೆ ಸಾಗಿಸುತ್ತದೆ. ಹೊರಗೆ ಡೈಸರ್ ಕಾಯುತ್ತಿರುತ್ತದೆ. ಅದು ಪಿನ್ನಿನ ಬಾಗಿದ ತಲೆ ಕತ್ತರಿಸಿದರೆ ಉಳಿಯುವುದು ಸುಮಾರು 22 ಅಕ್ಷರದ ಎರಡು ಎಳೆ. ಒಂದು ಎಳೆ ಆರ್ಗೊನಾಟ್ ಅನ್ನೋ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ. ಇನ್ನೊಂದು ಸಾಮಾನ್ಯವಾಗಿ ಕಸ.

ಆರ್ಗೊನಾಟ್ ಹಿಡಿದುಕೊಂಡ ಎಳೆಯಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಬೆಲೆ ಇಲ್ಲ. ಎರಡರಿಂದ ಎಂಟರವರೆಗಿನ ಅಕ್ಷರಗಳೇ ಮುಖ್ಯ. ಇದಕ್ಕೆ ಸೀಡ್ ಅಂತಾರೆ, ಬೀಜ. ಲೆಟ್-7ರ ಬೀಜ ಜಿಎಜಿಜಿಯುಎಜಿ. ಯಾವ ಎಂಆರ್‌ಎನ್‌ಎಯ ಬಾಲದ ಕಡೆ ಅದಕ್ಕೆ ಜೋಡಿಯಾಗುವ ಸಿಯುಎಸಿಸಿಯುಸಿ ಇದೆಯೋ ಅಲ್ಲಿ ಆರ್ಗೊನಾಟ್ ಹೋಗಿ ಕೂರುತ್ತದೆ. ಬಾಲದ ಕಡೆ ಅಂದರೆ, ಪ್ರೋಟೀನಿನ ಮಾಹಿತಿ ಮುಗಿದ ಮೇಲೆ ಉಳಿಯುವ ಭಾಗ. ಲ್ಯಾಬಿನಲ್ಲಿ ತ್ರೀ ಪ್ರೈಮ್ ಯುಟಿಆರ್ ಅಂತೀವಿ. ಕಾಲೇಜಿನಲ್ಲಿ ಈ ಭಾಗವನ್ನು ನಾವು ಚಿತ್ರದಲ್ಲಿ ಒಂದು ಗೆರೆ ಎಳೆದು ಬಿಟ್ಟುಬಿಡುತ್ತಿದ್ದೆವು.

ನನಗೆ ಕೊಟ್ಟ ಜೀನ್ ಎಚ್‌ಎಂಜಿಎ2. ಭ್ರೂಣ ಬೆಳೆಯುವಾಗ ಬೇಕಾದದ್ದು, ದೊಡ್ಡವರಾದ ಮೇಲೆ ಹೆಚ್ಚಿನ ಅಂಗಾಂಶಗಳಲ್ಲಿ ತಣ್ಣಗಿರಬೇಕಾದದ್ದು. ಇದರ ಯುಟಿಆರ್‌ನಲ್ಲಿ ಲೆಟ್-7ಗೆ ಏಳು ಜಾಗ ಇವೆ. ಕೆಲವು ಗೆಡ್ಡೆಗಳಲ್ಲಿ ಕ್ರೋಮೋಸೋಮ್ ಮುರಿದು ಈ ಜೀನ್ ತನ್ನ ಯುಟಿಆರ್ ಕಳೆದುಕೊಳ್ಳುತ್ತದೆ. ಪ್ರೋಟೀನಿನ ಭಾಗ ಬಹುಮಟ್ಟಿಗೆ ಉಳಿದಿರುತ್ತದೆ, ಹಿಡಿತ ಮಾತ್ರ ತಪ್ಪುತ್ತದೆ. ಲೆಟ್-7 ಪಕ್ಕದಲ್ಲೇ ಇದ್ದರೂ ಕೂರೋಕೆ ಜಾಗವೇ ಇಲ್ಲ. 2007ರಲ್ಲಿ ಇದನ್ನು ತೋರಿಸಿದ ಪ್ರಬಂಧವೇ ನಾನು ಲ್ಯಾಬಿನಲ್ಲಿ ಓದಿದ ಮೊದಲನೆಯದು.

ಯಾವ ಮೈಕ್ರೋಆರ್‌ಎನ್‌ಎ ಯಾವ ಜೀನಿಗೆ ಅಂತ ಊಹಿಸಲು ಟಾರ್ಗೆಟ್‌ಸ್ಕ್ಯಾನ್ ಥರದ ಪ್ರೋಗ್ರಾಂಗಳಿವೆ. ಲೆಟ್-7 ಅಂತ ಒತ್ತಿದರೆ ನೂರಾರು ಹೆಸರು ಬರುತ್ತವೆ. ಮನುಷ್ಯನ ಪ್ರೋಟೀನ್ ಜೀನ್‌ಗಳಲ್ಲಿ ಶೇಕಡಾ 60ಕ್ಕೂ ಹೆಚ್ಚಿನವು ಯಾವುದೋ ಒಂದು ಮೈಕ್ರೋಆರ್‌ಎನ್‌ಎಗೆ ಜಾಗ ಉಳಿಸಿಕೊಂಡಿವೆ ಅನ್ನುವುದು 2009ರ ಲೆಕ್ಕ. ಹಾಗಾಗಿ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕುಣಿಯಬಾರದು. ಅದು ಮದುವೆಗೆ ಕರೆದವರ ಪಟ್ಟಿ. ಊಟಕ್ಕೆ ಕೂತವರು ಯಾರು ಅಂತ ನೋಡಬೇಕಾದರೆ ಛತ್ರಕ್ಕೇ ಹೋಗಬೇಕು. ಸೆಲ್ಲಿನಲ್ಲಿ ಆ ಮೈಕ್ರೋಆರ್‌ಎನ್‌ಎ ಇರಬೇಕು, ಆ ಜೀನೂ ಇರಬೇಕು, ಜಾಗ ಬೇರೆ ಮಡಿಕೆಯೊಳಗೆ ಮುಚ್ಚಿಹೋಗಿರಬಾರದು. ಪಟ್ಟಿಯನ್ನೇ ಸಾಕ್ಷಿ ಅಂತ ಬರೆದಿರುವ ಪ್ರಬಂಧಗಳನ್ನು ಎಷ್ಟೋ ಓದಿದ್ದೇನೆ. ಅವನ್ನು ಈಗ ಅರ್ಧಕ್ಕೇ ಮುಚ್ಚಿಡುತ್ತೇನೆ.

ಹೀಲಾ ಸೆಲ್‌ಗಳು ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಮಲ್ಲೇಶ್ವರದ ಕಡೆಯ ಪರಿಚಯದ ಲ್ಯಾಬೊಂದು ಎರಡು ವಯಲ್ ಕೊಟ್ಟಿತು. ಥರ್ಮೋಕೋಲ್ ಡಬ್ಬಿ, ಒಳಗೆ ಡ್ರೈ ಐಸ್, ಅದನ್ನು ಕಾಲ ಬಳಿ ಇಟ್ಟುಕೊಂಡು ಆಟೋ ಹತ್ತಿದೆ. ಮೇಖ್ರಿ ಸರ್ಕಲ್ ದಾಟಿ ಹೆಬ್ಬಾಳದ ಹತ್ತಿರ ಬಂದಾಗ ಮಾಮೂಲಿನಂತೆ ಎಲ್ಲಾ ನಿಂತಿತು. ಡಬ್ಬಿಯ ಸಂದಿಯಿಂದ ಬಿಳಿ ಹೊಗೆ ಏಳತೊಡಗಿತು. ಆಟೋದವರು ಕನ್ನಡಿಯಲ್ಲಿ ನೋಡಿ, "ಮೇಡಂ, ಗಾಡಿಯಿಂದಾ, ಡಬ್ಬಿಯಿಂದಾ?" ಅಂದರು. ಡಬ್ಬಿಯಿಂದ ಅಂದ ಮೇಲೆ ನಿಶ್ಚಿಂತರಾದರು. ಒಳಗೆ ಏನಿದೆ ಅಂತ ಕೇಳಿದ್ದರೆ ಹೇಳೋದು ಕಷ್ಟವಿತ್ತು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳ ಗರ್ಭಕೊರಳಿನ ಕ್ಯಾನ್ಸರ್‌ನಿಂದ, ಅವರನ್ನು ಒಂದು ಮಾತೂ ಕೇಳದೆ ತೆಗೆದ ಸೆಲ್‌ಗಳು ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಕೊಂಡಿದ್ದವು. ಆ ಯೋಚನೆ ಬಂದರೆ ಈಗಲೂ ಒಂಥರಾ ಆಗುತ್ತದೆ.

ಇನ್ನು ಕೆಲಸ. ಯುಟಿಆರ್ ಮೇಲೆ ಲೆಟ್-7 ಕೂತಾಗ ಏನಾಗುತ್ತದೆ ಅಂತ ಕಣ್ಣಿಂದ ನೋಡೋಕಾಗಲ್ಲ. ಅದಕ್ಕೆ ಬೆಳಕು ಕೊಡುವ ಜೀನಿನ ಹಿಂದೆ ಆ ಯುಟಿಆರ್ ಅಂಟಿಸಿ, ಬೆಳಕು ಅಳೆಯುತ್ತೇವೆ. ನಾವು ಬಳಸಿದ್ದು ಸೈಚೆಕ್-2 ಅನ್ನೋ ಪ್ಲಾಸ್ಮಿಡ್, ಸೆಲ್ಲಿನೊಳಗೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ. ಅದರಲ್ಲಿ ಎರಡು ಲೂಸಿಫೆರೇಸ್, ಅಂದರೆ ಬೆಳಕು ಕೊಡುವ ಜೀನ್, ಇವೆ. ಒಂದು ಮಿಣುಕುಹುಳದ್ದು, ಫೈರ್‌ಫ್ಲೈ. ಇನ್ನೊಂದು ರೆನಿಲ್ಲಾ ಅನ್ನೋ ಕಡಲಜೀವಿಯದ್ದು. ಯುಟಿಆರ್ ಸೇರಿಸುವುದು ರೆನಿಲ್ಲಾದ ಹಿಂದೆ. ಫೈರ್‌ಫ್ಲೈ ಬರೀ ಲೆಕ್ಕಕ್ಕೆ: ಪ್ಲೇಟಿನ ಒಂದು ಗುಂಡಿಯಲ್ಲಿ ಸೆಲ್ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇದ್ದರೆ ಸರಿದೂಗಿಸೋಕೆ.

ನಾಲ್ಕು ಪ್ಲಾಸ್ಮಿಡ್ ಮಾಡಿಕೊಂಡೆ. ಒಂದು ಖಾಲಿ. ಎರಡನೆಯದರಲ್ಲಿ ಲೆಟ್-7ರ 22 ಅಕ್ಷರಕ್ಕೂ ಒಂದೂ ತಪ್ಪದೆ ಹೊಂದುವ ಜಾಗ. ಮೂರನೆಯದರಲ್ಲಿ ಎಚ್‌ಎಂಜಿಎ2 ಯುಟಿಆರ್‌ನ ಒಂದು ತುಂಡು, ಎರಡು ನಿಜವಾದ ಜಾಗ ಒಳಗಿರುವಂಥದ್ದು. ನಾಲ್ಕನೆಯದು ಮೂರನೆಯದೇ, ಆದರೆ ಆ ಎರಡು ಜಾಗಗಳಲ್ಲೂ ನಡುವಿನ ಸಿಸಿ ತೆಗೆದು ಜಿಜಿ ಮಾಡಿದ್ದು. ಸಿಯುಎಸಿಸಿಯುಸಿ ಹೋಗಿ ಸಿಯುಎಜಿಜಿಯುಸಿ. ಜಾಗಕ್ಕೆ ಎರಡೇ ಅಕ್ಷರ. ಜಾಸ್ತಿ ಬದಲಿಸಿದರೆ ಆರ್‌ಎನ್‌ಎಯ ಮಡಿಕೆಯೇ ಬದಲಾಗಿ, ಫಲಿತಾಂಶಕ್ಕೆ ಕಾರಣ ಯಾವುದು ಅಂತ ಜಗಳ ಶುರುವಾಗುತ್ತದೆ. ಬದಲಿಸಿದ ಅಕ್ಷರ ಬೇರೊಂದು ಮೈಕ್ರೋಆರ್‌ಎನ್‌ಎಗೆ ಹೊಸ ಜಾಗ ಆಗಿಬಿಡಬಾರದು, ಅದನ್ನೂ ನೋಡಿಕೊಳ್ಳಬೇಕು. ಕ್ಲೋನಿಂಗ್ ಬಗ್ಗೆ ಬರೆಯುವಷ್ಟು ಏನಿಲ್ಲ. ಕತ್ತರಿಸು, ಅಂಟಿಸು, ಸೀಕ್ವೆನ್ಸಿಂಗ್‌ಗೆ ಕಳಿಸು. ಮೂರು ವಾರ ಅಂದುಕೊಂಡಿದ್ದು ಎರಡೂವರೆ ತಿಂಗಳಾಯಿತು.

24 ಗುಂಡಿಯ ಪ್ಲೇಟಿನಲ್ಲಿ ಹೀಲಾ ಬೆಳೆಸಿ, ಪ್ಲಾಸ್ಮಿಡ್ ಒಳಗೆ ಸೇರಿಸಿ, 48 ಗಂಟೆ ಬಿಟ್ಟು ಬೆಳಕು ಅಳೆದೆ. ಮೊದಲು ಫೈರ್‌ಫ್ಲೈಗೆ ಬೇಕಾದ ದ್ರಾವಣ ಹಾಕಿ ಓದಬೇಕು. ಆಮೇಲೆ ಇನ್ನೊಂದು ದ್ರಾವಣ ಹಾಕಿದರೆ ಅದು ಫೈರ್‌ಫ್ಲೈಯನ್ನು ಆರಿಸಿ ರೆನಿಲ್ಲಾವನ್ನು ಹೊತ್ತಿಸುತ್ತದೆ. ಒಂದೇ ಟ್ಯೂಬ್, ಎರಡು ಓದು. ಎಲ್ಲಾ ಎಕ್ಸೆಲ್‌ಗೆ ಹಾಕಿ ಗ್ರಾಫ್ ಮಾಡಿದೆ. ಎದೆ ಧಸಕ್ ಅಂತು. ಲೆಟ್-7 ಜಾಗ ಇರೋ ಪ್ಲಾಸ್ಮಿಡ್‌ನಲ್ಲಿ ಕಂಬ ಮೇಲಕ್ಕೆ ಹೋಗಿದೆ! ಪೂರ್ತಿ ಹೊಂದುವ ಜಾಗದಲ್ಲಂತೂ ಹತ್ತು ಪಟ್ಟಿಗೂ ಜಾಸ್ತಿ. ಜಗತ್ತಿಗೆಲ್ಲ ಅದುಮುವ ಲೆಟ್-7 ನನ್ನ ಕೈಯಲ್ಲಿ ಎಬ್ಬಿಸುತ್ತಿದೆ. ಅರ್ಧ ಗಂಟೆ ನಾನು ದೊಡ್ಡ ವಿಜ್ಞಾನಿ ಆಗಿದ್ದೆ.

ಸರ್ ಗ್ರಾಫ್ ನೋಡಿದರು. ನಗಲಿಲ್ಲ. "ಭಾಗಾಕಾರದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?" ಅಂದರು.

"ಫೈರ್‌ಫ್ಲೈ ಮೇಲೆ ಸರ್. ರೆನಿಲ್ಲಾ ಕೆಳಗೆ."

"ಯುಟಿಆರ್ ಯಾವುದರ ಹಿಂದಿದೆಯಮ್ಮ?"

ನಾನು ಉತ್ತರ ಕೊಡಲಿಲ್ಲ. ಅವರೂ ಕಾಯಲಿಲ್ಲ. ಬೇರೆ ಕೆಲವು ಪ್ಲಾಸ್ಮಿಡ್‌ಗಳಲ್ಲಿ ಯುಟಿಆರ್ ಇರುವುದು ಫೈರ್‌ಫ್ಲೈ ಹಿಂದೆ. ಹಳೇ ಎಕ್ಸೆಲ್ ಫೈಲ್ ಒಂದು ಅಂಥದ್ದಕ್ಕೆ ಮಾಡಿದ್ದು, ನಾನು ಸುಮ್ನೆ ಅದರಲ್ಲಿ ಅಂಕಿ ತುಂಬಿದ್ದೆ. ಅವತ್ತಿನಿಂದ ನನ್ನ ಪ್ರತಿ ಫೈಲಿನ ತಲೆಯ ಮೇಲೆ "ರೆನಿಲ್ಲಾ ಭಾಗಿಸು ಫೈರ್‌ಫ್ಲೈ" ಅಂತ ಕೆಂಪಕ್ಷರದಲ್ಲಿರುತ್ತದೆ.

ತಿರುಗಿಸಿ ಲೆಕ್ಕ ಹಾಕಿದೆ. ಖಾಲಿ ಪ್ಲಾಸ್ಮಿಡ್‌ನ ಬೆಳಕು 100 ಅಂದುಕೊಳ್ಳಿ. ಪೂರ್ತಿ ಹೊಂದುವ ಜಾಗ ಇದ್ದದ್ದರಲ್ಲಿ ಹತ್ತೂ ಉಳಿದಿರಲಿಲ್ಲ. ಎಚ್‌ಎಂಜಿಎ2 ತುಂಡಿನಲ್ಲಿ 60ರ ಹತ್ತಿರ. ಅಕ್ಷರ ಬದಲಿಸಿದ್ದರಲ್ಲಿ 95.

ನನಗೆ ಬೇಜಾರಾಯಿತು. ಇಷ್ಟೆಲ್ಲಾ ಮಾಡಿ ನಿಜವಾದ ಜೀನಿನ ತುಂಡಿನಲ್ಲಿ ಕಡಿಮೆಯಾಗಿದ್ದು ನೂರಕ್ಕೆ ನಲವತ್ತಾ? ಪುಸ್ತಕದಲ್ಲಿ "ಮೈಕ್ರೋಆರ್‌ಎನ್‌ಎ ಜೀನನ್ನು ಆಫ್ ಮಾಡುತ್ತದೆ" ಅಂತ ಓದಿದ್ದೆ. ನಾನೇನೋ ತಪ್ಪು ಮಾಡಿದ್ದೇನೆ ಅಂತ ಇನ್ನೂ ಎರಡು ಸಲ ಮಾಡಿದೆ. ಮತ್ತೆ 60ರ ಆಸುಪಾಸು. ಅಂಚಿನ ಗುಂಡಿಗಳಲ್ಲಿ ಮಾತ್ರ ಅಂಕಿ ಎದ್ವಾತದ್ವಾ. ಏಪ್ರಿಲ್ ಬಿಸಿಲು, ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಅಂಚಿಗೆ ಬರೀ ನೀರು ತುಂಬಿಸಿ ಬಿಡುವುದನ್ನು ಆಗ ಕಲಿತೆ.

ಆ ವಾರ ಒಂದು ರಾತ್ರಿ ಪಿಜಿಯ ಟೆರೇಸಿನಿಂದ ಅಮ್ಮನಿಗೆ ಫೋನ್ ಮಾಡಿದ್ದೆ. ಏನೋ ಮಾತಾಡುತ್ತಿದ್ದವರು ನಡುವೆ, "ಒಂದ್ ನಿಮಿಷ ಪುಟ್ಟಿ, ಹಾಲಿಟ್ಟಿದೀನಿ, ಸಿಮ್ ಮಾಡಿ ಬರ್ತೀನಿ" ಅಂತ ಫೋನ್ ಕೆಳಗಿಟ್ಟರು. ಒಲೆಯ ಕಿವಿ ತಿರುಗಿದ ಟಕ್ ಸದ್ದು ಕೇಳಿಸಿತು. ಹಾಲಿಗೆ ಆಫ್ ಮಾಡಿದರೆ ದಪ್ಪ ಕೆನೆ ಕಟ್ಟಲ್ಲ. ಜೋರು ಬಿಟ್ಟರೆ ಉಕ್ಕುತ್ತದೆ. ನಾನು ಮೂರು ಸಲ ಅಳೆದ 60 ಯಾಕೋ ಆಗ ತಪ್ಪು ಅನ್ನಿಸಲಿಲ್ಲ.

ಮಾರನೇ ದಿನ ಸರ್ ಹತ್ತಿರ ಕೇಳಿದೆ. ಅವರು 2008ರ ಎರಡು ಪ್ರಬಂಧ ಕೊಟ್ಟರು. ಒಂದೊಂದು ಮೈಕ್ರೋಆರ್‌ಎನ್‌ಎಯನ್ನು ಸೆಲ್ಲಿಗೆ ಸೇರಿಸಿ, ಅಥವಾ ಇದ್ದದ್ದನ್ನು ತೆಗೆದು, ಸಾವಿರಾರು ಪ್ರೋಟೀನ್ ಒಟ್ಟಿಗೆ ಅಳೆದವು. ನೂರಾರು ಪ್ರೋಟೀನ್ ಬದಲಾಗಿದ್ದವು, ಆದರೆ ಬಹುಪಾಲು ಬದಲಾವಣೆ ತೀರಾ ಸಣ್ಣದು. ಅರ್ಧಕ್ಕೆ ಇಳಿದವೇ ಕಡಿಮೆ. ಲೆಟ್-7 ಒಂದು ಒಲೆಯನ್ನು ಆರಿಸುವುದಿಲ್ಲ. ಛತ್ರದ ಅಡುಗೆಮನೆಯಲ್ಲಿರೋ ನೂರಾರು ಒಲೆಗಳ ಕಿವಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತದೆ. ಒಂದೇ ಎಂಆರ್‌ಎನ್‌ಎ ಮೇಲೆ ಹತ್ತಿರ ಹತ್ತಿರ ಎರಡು ಮೂರು ಜಾಗ ಇದ್ದರೆ ತಿರುಗುವುದು ಜಾಸ್ತಿ.

ಹಾಗಾದರೆ ಎರಡನೇ ಪ್ಲಾಸ್ಮಿಡ್ ಯಾಕೆ ಹತ್ತಕ್ಕಿಂತ ಕೆಳಗಿಳಿಯಿತು? ಇಲ್ಲಿ ನಡೆದದ್ದೇ ಬೇರೆ. 22 ಅಕ್ಷರವೂ ಹೊಂದಿದಾಗ ಆರ್ಗೊನಾಟ್-2 ಎಂಆರ್‌ಎನ್‌ಎಯನ್ನು ನಡುವಿಗೇ ಕತ್ತರಿಸಿ ಹಾಕುತ್ತದೆ. ಗಿಡಗಳಲ್ಲಿ ಮೈಕ್ರೋಆರ್‌ಎನ್‌ಎ ಹೆಚ್ಚಾಗಿ ಹೀಗೇ ಕೆಲಸ ಮಾಡುವುದು. ನಮ್ಮಂಥ ಪ್ರಾಣಿಗಳಲ್ಲಿ ಹಾಗೆ ಪೂರ್ತಿ ಹೊಂದುವ ಜಾಗ ಅಪರೂಪ. ಬೀಜ ಹೊಂದಿದರೆ ಕೂರುತ್ತದೆ, ಕತ್ತರಿಸೋಕಾಗಲ್ಲ. ಕೂತಲ್ಲಿಂದ ಬೇರೆಯವರನ್ನು ಕರೆಯುತ್ತದೆ. ಆರ್ಗೊನಾಟ್‌ಗೆ ಜಿಡಬ್ಲ್ಯೂ182 ಬಳಗದ ಪ್ರೋಟೀನ್ ಅಂಟಿಕೊಳ್ಳುತ್ತದೆ, ಅದು ಸಿಸಿಆರ್4-ನಾಟ್ ಅನ್ನೋ ಗುಂಪನ್ನು ಕರೆತರುತ್ತದೆ. ಆ ಗುಂಪು ಎಂಆರ್‌ಎನ್‌ಎಯ ಎಎಎಎ ಬಾಲವನ್ನು ಕೊನೆಯಿಂದ ಮೆಲ್ಲುತ್ತಾ ಬರುತ್ತದೆ. ಬಾಲ ಗಿಡ್ಡವಾದ ಮೇಲೆ ತಲೆಯ ಟೋಪಿ ಹಾರುತ್ತದೆ. ಟೋಪಿ ಇಲ್ಲದ ಎಂಆರ್‌ಎನ್‌ಎಗೆ ಆಯಸ್ಸಿಲ್ಲ. ಇದರ ಜೊತೆಗೆ ರೈಬೋಸೋಮ್ ಓದುವುದೂ ಕಡಿಮೆಯಾಗುತ್ತದೆ.

ಓದುವುದು ನಿಲ್ಲುವುದು ಮುಖ್ಯವೋ, ಎಂಆರ್‌ಎನ್‌ಎ ಕರಗುವುದು ಮುಖ್ಯವೋ ಅಂತ ವರ್ಷಗಟ್ಟಲೆ ಚರ್ಚೆ ನಡೆದಿತ್ತು. 2010ರಲ್ಲಿ ರೈಬೋಸೋಮ್‌ಗಳ ಹೆಜ್ಜೆಗುರುತು ಎಣಿಸಿದ ಕೆಲಸವೊಂದು, ಪ್ರೋಟೀನ್ ಇಳಿಕೆಯಲ್ಲಿ ಶೇಕಡಾ 84ರಷ್ಟಾದರೂ ಎಂಆರ್‌ಎನ್‌ಎ ಕರಗುವುದರಿಂದಲೇ ಅಂತ ಲೆಕ್ಕ ಕೊಟ್ಟಿತು. ನನ್ನ ಸೆಲ್‌ಗಳಲ್ಲೂ ನೋಡೋಣ ಅಂತ ರೆನಿಲ್ಲಾ ಎಂಆರ್‌ಎನ್‌ಎ ಅಳೆದೆ. ಏನೂ ವ್ಯತ್ಯಾಸವೇ ಇಲ್ಲ! ಖಾಲಿ, ತುಂಡು, ಬದಲಿಸಿದ್ದು, ಮೂರೂ ಒಂದೇ. ಈ ಸಲ ಸಂಭ್ರಮ ಪಡದೆ ಕಂಟ್ರೋಲ್ ನೋಡಿದೆ. ಆರ್‌ಎನ್‌ಎಯನ್ನು ಡಿಎನ್‌ಎಗೆ ಇಳಿಸಿಕೊಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಹಾಕದೇ ಇದ್ದ, ಹಾಗಾಗಿ ಏಳಲೇಬಾರದ ಟ್ಯೂಬೂ 18ನೇ ಸೈಕಲ್‌ಗೇ ಎದ್ದಿತ್ತು. ಅಂದರೆ ನಾನು ಅಳೆದಿದ್ದು ಆರ್‌ಎನ್‌ಎಯನ್ನಲ್ಲ, ಎರಡು ದಿನದ ಹಿಂದೆ ನಾನೇ ಸುರಿದ ಪ್ಲಾಸ್ಮಿಡ್ಡನ್ನು. ಸೆಲ್ಲಿಗೆ ಡಿಎನ್‌ಎ ಹಾಕಿದ ಮೇಲೆ ಆರ್‌ಎನ್‌ಎ ಅಳೆಯುವವರು ಡಿಎನ್‌ಏಸ್ ಕಿಣ್ವ ಹಾಕಿ ಅದನ್ನು ಪೂರ್ತಿ ತಿನ್ನಿಸಬೇಕು. ಒಂದು ಸಲ ಸಾಲಲಿಲ್ಲ, ನಾನು ಎರಡು ಸಲ ಹಾಕಿದೆ. ಆಮೇಲೆ ರೆನಿಲ್ಲಾ ಎಂಆರ್‌ಎನ್‌ಎಯೂ ಬೆಳಕಿನ ಜೊತೆಗೇ ಇಳಿದಿರುವುದು ಕಾಣಿಸಿತು.

ಮುಂದಿನದು ತಡೆಯುವ ಪರೀಕ್ಷೆ. ಲೆಟ್-7ಗೆ ಗಟ್ಟಿಯಾಗಿ ಅಂಟಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುವ ಚಿಕ್ಕ ಎಳೆ ಸಿಗುತ್ತದೆ. ಅದನ್ನು ಹೀಲಾಗೆ ಹಾಕಿದರೆ ಮೂರನೇ ಪ್ಲಾಸ್ಮಿಡ್‌ನ ಬೆಳಕು ಮೇಲೇಳಬೇಕು, ನಾಲ್ಕನೆಯದು ಕದಲಬಾರದು. ಎದ್ದಿತು, ಆದರೆ ಅರ್ಧಂಬರ್ಧ. ಲೆಟ್-7 ಒಬ್ಬನೇ ಅಲ್ಲ, ಎ, ಬಿ, ಸಿ ಅಂತ ಅಣ್ಣತಮ್ಮಂದಿರ ದೊಡ್ಡ ಸಂಸಾರ. ಎಲ್ಲರ ಬೀಜವೂ ಒಂದೇ. ಎ ಕಟ್ಟಿಹಾಕಿದರೆ ಬಿ ಬಂದು ಕೂರುತ್ತಾನೆ. ಪೂರ್ತಿ ಬಳಗ ತಡೆಯುವ ಮಿಶ್ರಣ ತರಿಸಿದ ಮೇಲೆ ಸರಿಯಾಯಿತು. ತರಿಸೋಕೆ ಆದ ಖರ್ಚು ಇಲ್ಲಿ ಬರೆಯುವುದಿಲ್ಲ. ನಮ್ಮ ಸ್ಟೋರ್ ಅಣ್ಣ ಬಿಲ್ ನೋಡಿ, ಟ್ಯೂಬ್ ನೋಡಿ, "ಇದ್ರಲ್ಲಿ ಏನೂ ಇಲ್ವಲ್ಲ ಮೇಡಂ, ವಾಪಸ್ ಕಳ್ಸೋಣ್ವಾ?" ಅಂದಿದ್ದರು. ಒಣಗಿಸಿ ಕಳಿಸಿದ ಎಳೆ ಕಣ್ಣಿಗೆ ಕಾಣಲ್ಲ.

ಇಷ್ಟಾದರೂ ಸರ್ ಒಪ್ಪಲಿಲ್ಲ. "ಅಕ್ಷರ ಬದಲಿಸಿದಾಗ ಬೆಳಕು ಎದ್ದಿತು. ಅದು ಲೆಟ್-7 ಬಿಟ್ಟಿದ್ದಕ್ಕೇನಾ, ಇಲ್ಲಾ ಬೇರೆ ಯಾವುದೋ ಪ್ರೋಟೀನ್ ಕೂರುವ ಜಾಗ ಕೆಟ್ಟಿದ್ದಕ್ಕಾ?" ಅಂತ ಕೇಳಿದರು. ಇದಕ್ಕೆ ಒಂದು ಸೊಗಸಾದ ಉತ್ತರವಿದೆ. ಬೀಗ ಬದಲಿಸಿದ್ದೀವಲ್ಲ, ಕೀಲಿಯನ್ನೂ ಹಾಗೇ ಬದಲಿಸುವುದು. ಜಾಗದಲ್ಲಿ ಸಿಸಿ ಹೋಗಿ ಜಿಜಿ ಆಗಿದ್ದರೆ, ಲೆಟ್-7ರ ಬೀಜದಲ್ಲಿ ಜಿಜಿ ತೆಗೆದು ಸಿಸಿ ಮಾಡುವುದು. ಜಿಎಸಿಸಿಯುಎಜಿ. ಸೆಲ್ಲಿನಲ್ಲಿ ಇಲ್ಲದ, ನಾವೇ ಬರೆದು ಮಾಡಿಸಿದ ಲೆಟ್-7. ಅದು ಕೆಟ್ಟ ಜಾಗವನ್ನು ಮತ್ತೆ ಅದುಮಿದರೆ, ಒಳ್ಳೆ ಜಾಗವನ್ನು ಮುಟ್ಟದಿದ್ದರೆ, ವಾದ ಮುಗಿಯಿತು.

ಇದನ್ನು ಹೀಲಾದಲ್ಲಿ ಮಾಡಲಿಲ್ಲ. ಅಲ್ಲಿ ಅದರದೇ ಲೆಟ್-7 ತುಂಬಿ ತುಳುಕುತ್ತಿದೆ. ಕಮ್ಮಿ ಇರೋ ಎಚ್‌ಇಕೆ293 ಸೆಲ್‌ಗಳಿಗೆ ಹೋದೆ. ಮೊದಲ ಸಲ ಕೃತಕ ಲೆಟ್-7 50 ನ್ಯಾನೋಮೋಲಾರ್ ಹಾಕಿದೆ. ಎಲ್ಲಾ ಪ್ಲಾಸ್ಮಿಡ್‌ಗಳ ಬೆಳಕೂ ಇಳಿಯಿತು, ಖಾಲಿಯದೂ ಸೇರಿ. ಇರೋ ಆರ್ಗೊನಾಟ್‌ಗಳನ್ನೆಲ್ಲ ಹೊಸಬನೇ ಆಕ್ರಮಿಸಿದರೆ ಸೆಲ್ಲಿನ ಸ್ವಂತ ಮೈಕ್ರೋಆರ್‌ಎನ್‌ಎಗಳು ಬೀದಿಪಾಲು, ಆಮೇಲೆ ಏನು ಬೇಕಾದರೂ ಏರುತ್ತದೆ, ಇಳಿಯುತ್ತದೆ. 5ಕ್ಕೆ ಇಳಿಸಿದೆ. ಈ ಅಳತೆಯನ್ನು 100ರಲ್ಲಿ ಮಾಡಿ ಪ್ರಕಟಿಸಿದ್ದನ್ನು ನೋಡಿದರೆ ನನಗೆ ನಂಬಿಕೆ ಬರುವುದಿಲ್ಲ.

ಹೀಗೆ ಒಂದೂಕಾಲು ವರ್ಷ ಕಳೆದು 2024ರ ಅಕ್ಟೋಬರ್ ಬಂತು. 7ನೇ ತಾರೀಕು ಸೋಮವಾರ, ಮಧ್ಯಾಹ್ನ ಮೂರರ ಹೊತ್ತಿಗೆ ಯಾರೋ ಕಾರಿಡಾರಿನಿಂದ "ಮೈಕ್ರೋಆರ್‌ಎನ್‌ಎಗೆ ನೊಬೆಲ್!" ಅಂತ ಕೂಗಿದರು. ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್. ಇಬ್ಬರೂ ಒಂದು ಮಿಲಿಮೀಟರ್ ಉದ್ದದ ಹುಳುವಿನ ಹಿಂದೆ ಬಿದ್ದವರು. ಆಂಬ್ರೋಸ್ ಲಿನ್-4 ಅನ್ನೋ ಜೀನ್ ಹುಡುಕುತ್ತಾ ಹೋಗಿ, ಪ್ರೋಟೀನಿನ ಬದಲು 22 ಅಕ್ಷರದ ಚೂರು ಆರ್‌ಎನ್‌ಎ ಕಂಡರು. ರವ್ಕುನ್ ಹತ್ತಿರ ಲಿನ್-14 ಅನ್ನೋ ಜೀನಿನ ಯುಟಿಆರ್ ಇತ್ತು. ಇಬ್ಬರೂ ಅಕ್ಷರ ಹಂಚಿಕೊಂಡು ನೋಡಿದರೆ ಒಂದಕ್ಕೊಂದು ಜೋಡಿ! 1993ರಲ್ಲಿ ಎರಡು ಪ್ರಬಂಧ ಒಟ್ಟಿಗೆ ಬಂದವು. ಹುಳುವಿನ ವಿಚಿತ್ರ ಅಂತ ಹೆಚ್ಚಿನವರು ಪಕ್ಕಕ್ಕಿಟ್ಟರು. 2000ದಲ್ಲಿ ರವ್ಕುನ್ ಲ್ಯಾಬಿನಲ್ಲೇ ಲೆಟ್-7 ಸಿಕ್ಕಿತು. ಅದು ಹುಳುವಿನಲ್ಲೂ ಇದೆ, ನೊಣದಲ್ಲೂ ಇದೆ, ಮನುಷ್ಯನಲ್ಲೂ ಇದೆ ಅಂತ ಗೊತ್ತಾದ ಮೇಲೆ ಎಲ್ಲರೂ ಎದ್ದು ಕೂತರು. ಲೆಟ್ ಅಂದರೆ ಲೀಥಲ್, ಅದು ಕೆಟ್ಟರೆ ಹುಳು ಸಾಯುತ್ತದೆ. ಸರ್ ಎಲ್ಲರಿಗೂ ಮೈಸೂರ್ ಪಾಕ್ ತರಿಸಿದರು. ಅಕ್ಕ ನನ್ನ ಕಡೆ ತಿರುಗಿ, "ನೀನು ಚೆಲ್ಲಿದ್ದಕ್ಕೆ ನೊಬೆಲ್ ಬಂತು ನೋಡು" ಅಂದರು.

ಕೀಲಿ ಬದಲಿಸಿದ ಪ್ಲೇಟನ್ನು ಬುಧವಾರ ಹಾಕಿದೆ. 48 ಗಂಟೆ ಎಣಿಸಿದರೆ ಶುಕ್ರವಾರ. ಶುಕ್ರವಾರ ಆಯುಧ ಪೂಜೆ, ರಜೆ. ಹಾಕುವಾಗ ಯೋಚಿಸಿರಲಿಲ್ಲ. ಗುರುವಾರ ಸಂಜೆಯೇ ಲ್ಯಾಬಿನಲ್ಲಿ ಪೂಜೆ ಆಯಿತು. ಸೆಂಟ್ರಿಫ್ಯೂಜ್, ಪಿಸಿಆರ್ ಮಷಿನ್, ಮೈನಸ್ 80 ಫ್ರೀಜರ್, ಎಲ್ಲಕ್ಕೂ ಕುಂಕುಮ, ಸೇವಂತಿಗೆ ಹಾರ. ಶುಕ್ರವಾರ ಖಾಲಿ ಬಸ್ಸಿನಲ್ಲಿ ಬಂದೆ. ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿ ದಾಟಿ ಒಳಗೆ ಹೋದರೆ ಬೆಳಕು ಅಳೆಯುವ ಲುಮಿನೋಮೀಟರ್ ಮೇಲೂ ಹಾರ ಇತ್ತು. ತೆಗೆದು ಪಕ್ಕಕ್ಕಿಟ್ಟು, ಮೊದಲು ಖಾಲಿ ಟ್ಯೂಬ್ ಓದಿದೆ. ಮಾಮೂಲಿ ಬರೋದಕ್ಕಿಂತ ತುಂಬಾ ಜಾಸ್ತಿ. ಇನ್ನೊಂದು ಟ್ಯೂಬ್. ಅದೇ. ದ್ರಾವಣ ಕೆಟ್ಟಿತಾ, ಮಷಿನ್ ಕೆಟ್ಟಿತಾ? ರಜಾ ದಿನ, ಯಾರನ್ನು ಕೇಳೋದು? ಮುಚ್ಚಳ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ರಬ್ಬರ್ ಅಂಚಿಗೆ ಒಂದು ಹಳದಿ ಎಸಳು ಸಿಕ್ಕಿಕೊಂಡಿತ್ತು. ಅದರ ಸಂದಿಯಿಂದ ಟ್ಯೂಬ್‌ಲೈಟ್ ಬೆಳಕು ಒಳಗೆ ನುಗ್ಗುತ್ತಿತ್ತು. ಚಿಮಟದಿಂದ ತೆಗೆದೆ. ಖಾಲಿ ಟ್ಯೂಬ್ ಮತ್ತೆ ತನ್ನ ಜಾಗಕ್ಕೆ ಇಳಿಯಿತು.

ಆಮೇಲೆ ಒಂದೊಂದೇ ಓದಿದೆ. ಹಳೇ ಜಾಗಕ್ಕೆ ಹಳೇ ಲೆಟ್-7: ಇಳಿದಿತ್ತು. ಬದಲಿಸಿದ ಜಾಗಕ್ಕೆ ಹಳೇ ಲೆಟ್-7: ಇಳಿದಿಲ್ಲ. ಬದಲಿಸಿದ ಜಾಗಕ್ಕೆ ಬದಲಿಸಿದ ಲೆಟ್-7: ಇಳಿದಿತ್ತು, ಹಳೇ ಜೋಡಿಯಷ್ಟೇ. ಹಳೇ ಜಾಗಕ್ಕೆ ಬದಲಿಸಿದ ಲೆಟ್-7: ಕದಲಿಲ್ಲ. ಮೂರು ಸಲ ಭಾಗಾಕಾರ ಪರೀಕ್ಷಿಸಿದೆ. ರೆನಿಲ್ಲಾ ಮೇಲೆ, ಫೈರ್‌ಫ್ಲೈ ಕೆಳಗೆ. ಗ್ರಾಫಿನ ಫೋಟೋ ಸರ್‌ಗೆ ಕಳಿಸಿದೆ. "ಇನ್ನೆರಡು ಸಲ ಮಾಡು. ಹಬ್ಬದ ಶುಭಾಶಯ" ಅಂತ ಬಂತು.

ಹಾರ ಮತ್ತೆ ಮಷಿನ್ ಮೇಲೆ ಹಾಕಿದೆ, ಈ ಸಲ ಮುಚ್ಚಳದಿಂದ ದೂರ. ನೋಟ್‌ಬುಕ್ಕಿನಲ್ಲಿ ಅಂಕಿಗಳ ಕೆಳಗೆ ಬರೆದೆ: 11-10-2024, ಬ್ಲ್ಯಾಂಕ್ ಮೊದಲು ಜಾಸ್ತಿ ಬಂತು, ಕಾರಣ ಸೇವಂತಿಗೆ.